ಬಿಡುಗಡೆಯಾಗದ ಉತ್ತರಭಾಗ: ‘ಫಾಲೌಟ್’ ಗಣಕದಾಟ ಮತ್ತು ಅಪೂರ್ಣ ಕೃತಿಯ ವಾರಸಿಕೆ

೧. ಪ್ರವೇಶ

ಮಧ್ಯಕಾಲೀನ ಕನ್ನಡ ಸಾಹಿತ್ಯದ ಅಭ್ಯಾಸಿಗಳಿಗೆ ಅಪೂರ್ಣ ಕೃತಿ ಎಂಬುದು ಅಪರಿಚಿತ ಸಂಗತಿಯೇನಲ್ಲ. ಹನ್ನೆರಡನೆಯ ಶತಮಾನದ ನೇಮಿಚಂದ್ರನ ‘ನೇಮಿನಾಥ ಪುರಾಣ’ವು ನಡುವೆಯೇ ನಿಂತುದರಿಂದ ‘ಅರ್ಧನೇಮಿ’ ಎಂದೇ ಹೆಸರಾಯಿತು. ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತಕಥೆಯನ್ನು ತಿಮ್ಮಣ್ಣ ಕವಿಯು ಕೃಷ್ಣದೇವರಾಯನ ಕಾಲದಲ್ಲಿ ಮುಂದುವರಿಸಿದನು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ಆರಂಭಿಸಿದ ‘ಮಹಾಪುರಾಣ’ವನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದರು. ನಿಂತುಹೋದ ಕೃತಿಯನ್ನು ಮುಂದುವರಿಸುವ ಅಧಿಕಾರ ಯಾರದು? ಹಾಗೆ ಮುಂದುವರಿದದ್ದು ಮೂಲದ ಭಾಗವೋ, ಬೇರೊಂದು ಕೃತಿಯೋ? ಯಾರೂ ಮುಂದುವರಿಸದಿದ್ದಲ್ಲಿ ಆ ಅರೆಕೃತಿಗೆ ಚರಿತ್ರೆಯಲ್ಲಿ ಸ್ಥಾನವುಂಟೇ? ಇವು ನಮಗೆ ಹಳೆಯ ಪ್ರಶ್ನೆಗಳು.

ಇದೇ ಪ್ರಶ್ನೆಗಳು ನಮ್ಮ ಕಾಲದ ಗಣಕದಾಟಗಳ ಕ್ಷೇತ್ರದಲ್ಲಿಯೂ ಎದ್ದಿವೆ. ‘ಫಾಲೌಟ್’ ಎಂಬ ಪ್ರಸಿದ್ಧ ಸರಣಿಯ ಬಿಡುಗಡೆಯಾಗದ ಮೂರನೆಯ ಭಾಗವು ಇದಕ್ಕೆ ಸ್ಪಷ್ಟ ನಿದರ್ಶನ. ಓಲೆಗರಿಯ ಕಾವ್ಯಗಳ ವಿಷಯದಲ್ಲಿ ಶತಮಾನಗಳುದ್ದಕ್ಕೂ ಹರಡಿಕೊಂಡು ಮಸುಕಾಗಿರುವ ಒಂದು ಪ್ರಕ್ರಿಯೆ ಇಲ್ಲಿ ಹತ್ತು ಹನ್ನೆರಡು ವರ್ಷಗಳೊಳಗೆ, ದಿನಾಂಕಸಹಿತವಾಗಿ ನಡೆದಿದೆ. ಆದ್ದರಿಂದ ಅದನ್ನು ಪರಿಶೀಲಿಸುವುದು ಸಾಹಿತ್ಯ ಸಂಶೋಧಕರಿಗೂ ಪ್ರಯೋಜನಕರವೆಂದು ನಾವು ಭಾವಿಸುತ್ತೇವೆ.

೨. ಆಟದ ಸ್ವರೂಪ

ಈ ಕ್ಷೇತ್ರದ ಪರಿಚಯವಿಲ್ಲದವರಿಗಾಗಿ ಕೆಲವು ಮಾತುಗಳು ಅಗತ್ಯ. ಪಾತ್ರಧಾರಣೆಯ ಆಟ ಎಂಬ ಪ್ರಕಾರದ ಮೂಲವಿರುವುದು ಗಣಕದಲ್ಲಲ್ಲ, ಕಾಗದ ಮತ್ತು ದಾಳಗಳಲ್ಲಿ. ೧೯೭೪ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಇದರ ಮಾದರಿ. ಆಟಗಾರನು ತನಗೊಂದು ಪಾತ್ರವನ್ನು ರೂಪಿಸಿಕೊಳ್ಳುತ್ತಾನೆ. ಆ ಪಾತ್ರದ ಗುಣಬಲಗಳಿಗೆ ಅಂಕಗಳಿರುತ್ತವೆ. ಕಥೆಯು ಅವನ ಆಯ್ಕೆಗಳಿಗೆ ತಕ್ಕಂತೆ ಕವಲೊಡೆಯುತ್ತದೆ. ಗಣಕದಾಟದಲ್ಲಿ ಕಥೆ ನಡೆಸುವ ಸೂತ್ರಧಾರನ ಸ್ಥಾನವನ್ನು ತಂತ್ರಾಂಶವು ವಹಿಸುತ್ತದೆ.

ಇಂಟರ್‌ಪ್ಲೇ ಸಂಸ್ಥೆಯು ೧೯೮೮ರಲ್ಲಿ ರೂಪಿಸಿದ ‘ವೇಸ್ಟ್‌ಲ್ಯಾಂಡ್’ ಎಂಬ ಆಟವು ಅಣುಯುದ್ಧದಿಂದ ಹಾಳಾದ ಜಗತ್ತನ್ನು ಕುರಿತದ್ದಾಗಿತ್ತು. ಅದರ ಹಕ್ಕು ಪ್ರಕಾಶಕರಾದ ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯಲ್ಲಿ ಉಳಿದಿದ್ದರಿಂದ ಇಂಟರ್‌ಪ್ಲೇ ಅದೇ ಬಗೆಯ ಜಗತ್ತನ್ನು ಹೊಸ ಹೆಸರಿನಲ್ಲಿ ಕಟ್ಟಿತು. ೧೯೯೭ರಲ್ಲಿ ಬಂದ ‘ಫಾಲೌಟ್’ ಹುಟ್ಟಿದ್ದು ಹೀಗೆ. ವಾರಸಿಕೆಯ ಸಮಸ್ಯೆ ಈ ಸರಣಿಗೆ ಜನ್ಮದಿಂದಲೇ ಅಂಟಿಕೊಂಡಿದೆ ಎಂಬುದನ್ನು ಗಮನಿಸಬೇಕು.

ಕಥೆಯ ಪ್ರಕಾರ ೨೦೭೭ರ ಅಣುಯುದ್ಧದಲ್ಲಿ ನಾಗರಿಕತೆ ನಾಶವಾಗುತ್ತದೆ. ನೆಲಮಾಳಿಗೆಯಂತಹ ಆಶ್ರಯತಾಣದಲ್ಲಿ ತಲೆಮಾರುಗಳಿಂದ ಬದುಕಿದ್ದ ಸಮುದಾಯವೊಂದರ ನೀರು ಶುದ್ಧೀಕರಿಸುವ ಉಪಕರಣ ೨೧೬೧ರಲ್ಲಿ ಕೆಡುತ್ತದೆ. ಬದಲಿ ಭಾಗವನ್ನು ತರಲು ಒಬ್ಬನನ್ನು ಹೊರಗೆ ಕಳಿಸಲಾಗುತ್ತದೆ. ಬಲ, ಗ್ರಹಿಕೆ, ಸಹಿಷ್ಣುತೆ, ಆಕರ್ಷಣೆ, ಬುದ್ಧಿ, ಚುರುಕುತನ, ಅದೃಷ್ಟ ಎಂಬ ಏಳು ಗುಣಗಳಿಂದ ಪಾತ್ರ ರೂಪುಗೊಳ್ಳುತ್ತದೆ. ಬುದ್ಧಿಯ ಅಂಕ ತೀರ ಕಡಮೆಯಿರುವ ಪಾತ್ರಕ್ಕೆ ನೆಟ್ಟಗೆ ಮಾತನಾಡಲೂ ಬಾರದು. ಆಗ ಇಡೀ ಸಂಭಾಷಣೆಯ ಸ್ವರೂಪವೇ ಬದಲಾಗುತ್ತದೆ. ಕಥನವನ್ನು ಪಾತ್ರದ ಗುಣಕ್ಕೆ ಇಷ್ಟು ಬಿಗಿಯಾಗಿ ಹೊಂದಿಸಿದ ಕಾರಣದಿಂದಲೇ ಈ ಆಟಕ್ಕೆ ಶಾಸ್ತ್ರೀಯ ಕೃತಿಯ ಮನ್ನಣೆ ದೊರೆಯಿತು. ೧೯೯೮ರಲ್ಲಿ ಬಂದ ಎರಡನೆಯ ಭಾಗದಲ್ಲಿ ಮೊದಲ ನಾಯಕನ ವಂಶಜನೇ ಕಥಾನಾಯಕ. ಇದನ್ನು ರೂಪಿಸಿದ್ದು ಇಂಟರ್‌ಪ್ಲೇಯ ಅಂಗವಾದ ಬ್ಲ್ಯಾಕ್ ಐಲ್ ಸ್ಟುಡಿಯೋಸ್.

೩. ‘ವ್ಯಾನ್ ಬ್ಯೂರನ್’

ಮೂರನೆಯ ಭಾಗದ ಕೆಲಸವನ್ನು ಬ್ಲ್ಯಾಕ್ ಐಲ್ ‘ವ್ಯಾನ್ ಬ್ಯೂರನ್’ ಎಂಬ ಗುಪ್ತನಾಮದಲ್ಲಿ ಕೈಗೊಂಡಿತು. ಅಮೆರಿಕದ ಅಧ್ಯಕ್ಷರ ಹೆಸರುಗಳನ್ನು ಯೋಜನೆಗಳಿಗೆ ಇಡುವುದು ಅಲ್ಲಿನ ರೂಢಿ. ಮಾರ್ಟಿನ್ ವ್ಯಾನ್ ಬ್ಯೂರನ್ ಆ ದೇಶದ ಎಂಟನೆಯ ಅಧ್ಯಕ್ಷ. ‘ಜೆಫರ್ಸನ್’ ಎಂಬ ಹೆಸರಿನ ಮತ್ತೊಂದು ಯೋಜನೆಯನ್ನು ೨೦೦೩ರಲ್ಲಿ ಕೈಬಿಟ್ಟಾಗ ಅದಕ್ಕಾಗಿ ಸಿದ್ಧಪಡಿಸಿದ್ದ ತಾಂತ್ರಿಕ ಚೌಕಟ್ಟು ಇದಕ್ಕೆ ಬಳಕೆಯಾಯಿತು. ಕಥೆಯ ರೂಪರೇಷೆಯನ್ನು ಮೊದಲು ಬೆಳೆಸಿದ ಕ್ರಿಸ್ ಅವೆಲೋನ್ ಅವರು ಅದನ್ನು ಸಹೋದ್ಯೋಗಿಗಳೊಡನೆ ಕಾಗದ ಮತ್ತು ದಾಳಗಳ ಆಟವಾಗಿ ಆಡಿಸಿ ಪರೀಕ್ಷಿಸಿದ್ದರು. ಬರೆಯುವ ಮುನ್ನ ಸಭೆಯಲ್ಲಿ ವಾಚಿಸಿ ನೋಡುವ ಕವಿಯ ಕ್ರಮಕ್ಕೆ ಇದು ದೂರದ್ದೇನಲ್ಲ. ಅವರು ೨೦೦೩ರಲ್ಲಿ ಹೊರನಡೆದು ಅಬ್ಸಿಡಿಯನ್ ಎಂಬ ಹೊಸ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಮುಖ್ಯ ವಿನ್ಯಾಸಕರಾಗಿದ್ದ ಜೋಶ್ ಸಾಯರ್ ಅವರೂ ಅದೇ ವರ್ಷ ಸಂಸ್ಥೆಯನ್ನು ಬಿಟ್ಟರು. ೨೦೦೩ರ ಡಿಸೆಂಬರ್ ೮ರಂದು, ಹಣಕಾಸಿನ ಮುಗ್ಗಟ್ಟಿನಲ್ಲಿದ್ದ ಇಂಟರ್‌ಪ್ಲೇ ಬ್ಲ್ಯಾಕ್ ಐಲ್‌ನ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯಿತು. ಮೂರನೆಯ ಭಾಗ ಅಲ್ಲಿಗೆ ನಿಂತಿತು.

ಉಳಿದದ್ದು ವಿನ್ಯಾಸದ ಬರಹಗಳು ಮತ್ತು ಆಡಬಹುದಾದ ಒಂದು ಸಣ್ಣ ತಾಂತ್ರಿಕ ಮಾದರಿ. ಮಾದರಿಯು ೨೦೦೭ರಲ್ಲಿ ಸಾರ್ವಜನಿಕರ ಕೈಸೇರಿತು. ಸೆರೆಯಿಂದ ತಪ್ಪಿಸಿಕೊಂಡ ಬಂದಿಯೊಬ್ಬ ನಾಯಕನಾಗಬೇಕಿತ್ತು, ಹೂವರ್ ಅಣೆಕಟ್ಟು ಮುಖ್ಯ ಸ್ಥಳಗಳಲ್ಲಿ ಒಂದಾಗಬೇಕಿತ್ತು, ಸೀಸರ್ ಎಂಬವನ ಸೇನೆಯೊಂದು ಪೂರ್ವದಿಂದ ಒತ್ತಿಬರಬೇಕಿತ್ತು ಎಂಬುದು ಆ ಬರಹಗಳಿಂದ ತಿಳಿಯುತ್ತದೆ. ಇವು ಒಂದೇ ಕಾಲದ, ಒಂದೇ ಕೈಯ ಬರಹಗಳಲ್ಲ. ಬೇರೆ ಬೇರೆ ಹಂತದ ಕರಡುಗಳು. ಅವುಗಳನ್ನು ಕೂಡಿಸಿ ‘ಇದೇ ಆ ಆಟ’ ಎನ್ನುವುದು, ಹೊಂದದ ಪ್ರತಿಗಳನ್ನು ಬೆರೆಸಿ ಎಂದೂ ಇರದಿದ್ದ ಪಾಠವೊಂದನ್ನು ಸೃಷ್ಟಿಸಿದಂತಾದೀತು.

೪. ಹೆಸರಿನ ವಾರಸು ಮತ್ತು ವಸ್ತುವಿನ ವಾರಸು

ಬೆಥೆಸ್ಡಾ ಸಂಸ್ಥೆಯು ೨೦೦೪ರಲ್ಲಿ ಸರಣಿಯ ಮುಂದಿನ ಆಟಕ್ಕೆ ಪರವಾನಗಿ ಪಡೆಯಿತು, ೨೦೦೭ರಲ್ಲಿ ೫೭.೫ ಲಕ್ಷ ಡಾಲರಿಗೆ ಸರಣಿಯ ಹಕ್ಕನ್ನೇ ಕೊಂಡಿತು. ಅದರ ‘ಫಾಲೌಟ್ ೩’ ೨೦೦೮ರ ಅಕ್ಟೋಬರಿನಲ್ಲಿ ಹೊರಬಂದಿತು. ಕಥೆ ಅಮೆರಿಕದ ಪಶ್ಚಿಮ ಕರಾವಳಿಯನ್ನು ಬಿಟ್ಟು ರಾಜಧಾನಿ ವಾಷಿಂಗ್ಟನ್ನಿನ ಸುತ್ತಣ ಪ್ರದೇಶಕ್ಕೆ ಬಂತು. ಮೇಲಿನಿಂದ ನೋಡುತ್ತ, ಸರದಿಯ ಪ್ರಕಾರ ಕಾದಾಡುವ ಹಳೆಯ ಕ್ರಮ ಹೋಗಿ, ಪಾತ್ರದ ಕಣ್ಣಿನಿಂದಲೇ ನೋಡುವ ಕ್ರಮ ಬಂತು. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ವಸ್ತುವೂ ಬೇರೆ, ಛಂದಸ್ಸೂ ಬೇರೆ. ಹೆಸರು ಮತ್ತು ಕ್ರಮಾಂಕ ಮಾತ್ರ ಅದೇ.

ಇದಾದ ಎರಡು ವರ್ಷಗಳಿಗೆ, ೨೦೧೦ರ ಅಕ್ಟೋಬರಿನಲ್ಲಿ, ‘ಫಾಲೌಟ್: ನ್ಯೂ ವೇಗಾಸ್’ ಬಂದಿತು. ಬೆಥೆಸ್ಡಾಕ್ಕಾಗಿ ಇದನ್ನು ರೂಪಿಸಿದ್ದು ಅಬ್ಸಿಡಿಯನ್. ನಿರ್ದೇಶಕರು ಜೋಶ್ ಸಾಯರ್. ಸೀಸರನ ಸೇನೆ ಮತ್ತು ಹೂವರ್ ಅಣೆಕಟ್ಟು ಇಲ್ಲಿ ಕಥೆಯ ಕೇಂದ್ರಕ್ಕೆ ಬಂದವು. ‘ವ್ಯಾನ್ ಬ್ಯೂರನ್’ ಬರಹಗಳಲ್ಲಿ ‘ಗಲ್ಲಿಗೇರಿದವನು’ ಎಂಬ ಹೆಸರಿದ್ದ ಪಾತ್ರವು ೨೦೧೧ರ ಪೂರಕಭಾಗವೊಂದರಲ್ಲಿ ಜೋಶುವಾ ಗ್ರಹಾಂ ಎಂಬ ಹೆಸರಿನಿಂದ ಕಾಣಿಸಿಕೊಂಡಿತು. ಕ್ರಮಾಂಕ ‘ಮೂರು’ ಒಂದು ಆಟಕ್ಕೆ ಹೋಯಿತು, ಮೂರನೆಯ ಭಾಗಕ್ಕಾಗಿ ಕಲ್ಪಿಸಿದ್ದ ಸಾಮಗ್ರಿಯ ಸಾರ ಮತ್ತೊಂದಕ್ಕೆ ಸಂದಿತು.

ಆದುದರಿಂದ ಮೂರನ್ನು ಬೇರೆ ಬೇರೆಯಾಗಿ ಗುರುತಿಸಬೇಕು: ನಿಂತುಹೋದ ಕೃತಿ, ಅದರ ಹೆಸರಿನ ವಾರಸುದಾರ, ಅದರ ವಸ್ತುವಿನ ವಾರಸುದಾರ. ಈ ವಿವೇಚನೆಯಿಲ್ಲದೆ ಹೋದರೆ ೨೦೦೩ಕ್ಕೆ ಹಿಂದಿನ ಬರಹದಲ್ಲಿ ‘ಫಾಲೌಟ್ ೩’ ಎಂದಿರುವುದನ್ನು ೨೦೦೮ರ ಆಟಕ್ಕೆ ಆರೋಪಿಸುವ ಪ್ರಮಾದ ಸಂಭವಿಸುತ್ತದೆ.

೫. ಭಾರತದಲ್ಲಿ ಮತ್ತೊಂದು ಬಗೆಯ ‘ಬಿಡುಗಡೆಯಾಗದಿರುವಿಕೆ’

ಹೆಸರಿನ ವಾರಸುದಾರನಾದ ‘ಫಾಲೌಟ್ ೩’ ಸಹ ಭಾರತದಲ್ಲಿ ಅಡೆತಡೆಯಿಲ್ಲದೆ ಹೊರಬರಲಿಲ್ಲ. ಭಾರತದ ಸಾಂಸ್ಕೃತಿಕ ಸೂಕ್ಷ್ಮತೆಗಳ ಕಾರಣದಿಂದ ತನ್ನ ಎಕ್ಸ್‌ಬಾಕ್ಸ್ ೩೬೦ ಯಂತ್ರಕ್ಕೆ ಈ ಆಟವನ್ನು ಇಲ್ಲಿ ಬಿಡುಗಡೆ ಮಾಡುವುದಿಲ್ಲವೆಂದು ಮೈಕ್ರೋಸಾಫ್ಟ್ ೨೦೦೮ರ ಅಕ್ಟೋಬರಿನಲ್ಲಿ ಪ್ರಕಟಿಸಿತು. ಆ ಸೂಕ್ಷ್ಮತೆ ಯಾವುದೆಂದು ಅದು ವಿವರಿಸಲಿಲ್ಲ. ಆಟದಲ್ಲಿ ಹೊರೆ ಹೊರುವ, ಮಾಂಸಕ್ಕೂ ಬಳಕೆಯಾಗುವ ಎರಡು ತಲೆಯ ದನಗಳಿಗೆ ‘ಬ್ರಾಹ್ಮಿನ್’ ಎಂಬ ಹೆಸರಿರುವುದನ್ನು ಆಗ ಅನೇಕರು ಎತ್ತಿ ತೋರಿಸಿದರು. ಈ ಹೆಸರು ೧೯೯೭ರ ಮೊದಲ ಆಟದಿಂದಲೇ ಬಂದದ್ದು.

ಅಮೆರಿಕದಲ್ಲಿ ‘ಬ್ರಾಹ್ಮನ್’ ಎಂಬ ಹೆಸರಿನ ಗೋತಳಿಯೊಂದಿದೆ. ಆಟದ ಹೆಸರಿಗೂ ಅದಕ್ಕೂ ಇರುವ ಸಾಮ್ಯ ಸ್ಪಷ್ಟ. ಆ ತಳಿ ಸಿದ್ಧವಾದದ್ದು ಭಾರತದಿಂದ ಹೋದ ದನಗಳಿಂದ: ಗುಜರಾತಿನ ತಳಿಗಳು, ನಮ್ಮ ಕೃಷ್ಣಾ ಕಣಿವೆಯ ತಳಿ, ಹಾಗೂ ಹೊರದೇಶಗಳಲ್ಲಿ ‘ನೆಲ್ಲೂರು’ ಎಂಬ ಹೆಸರಿನಿಂದ ಪರಿಚಿತವಾದ ಒಂಗೋಲು ತಳಿ. ಒಂಗೋಲು ಇರುವುದು ಮಂಗಳಗಿರಿಯ ದಕ್ಷಿಣಕ್ಕೆ, ಇದೇ ತೆಲುಗು ಕರಾವಳಿಯಲ್ಲಿ. ಇಲ್ಲಿನ ಹೊಲಗಳಿಂದ ಹೊರಟ ಪ್ರಾಣಿ ಹೊರನಾಡಿನಲ್ಲಿ ಬೇರೆ ಹೆಸರು ತಳೆದು, ಆ ಹೆಸರಿನ ನೆರಳು ಆಟದ ಮೂಲಕ ತವರಿಗೆ ಮರಳುವ ವೇಳೆಗೆ ಪ್ರವೇಶಕ್ಕೆ ತೊಡಕಾಗಿ ಕಂಡಿತು. ಹೊರನಾಡಿನಲ್ಲಿ ಪದವೊಂದು ಪಡೆಯುವ ಅರ್ಥಾಂತರವನ್ನು ತಿಳಿಸುವ ಭಾಷಾಚರಿತ್ರೆಯ ಟಿಪ್ಪಣಿಯೊಂದು ಇಂತಹ ಆಟದ ಜೊತೆಗೂ ಬೇಕಾಗುತ್ತದೆ.

೬. ಮಂಗಳಗಿರಿಯ ಸುತ್ತಣ ನಿದರ್ಶನ

ಅಪೂರ್ಣ ಕೃತಿಯ ವಾರಸಿಕೆಗೆ ಅತ್ಯುತ್ತಮ ಪ್ರಾಚೀನ ನಿದರ್ಶನವೂ ಇದೇ ನೆಲದ್ದು. ಹನ್ನೊಂದನೆಯ ಶತಮಾನದಲ್ಲಿ ರಾಜಮಹೇಂದ್ರವರದ ರಾಜರಾಜನರೇಂದ್ರನ ಆಶ್ರಯದಲ್ಲಿ ನನ್ನಯನು ಆರಂಭಿಸಿದ ತೆಲುಗು ಭಾರತ ಅರಣ್ಯಪರ್ವದ ನಡುವೆ ನಿಂತಿತು. ಹದಿಮೂರನೆಯ ಶತಮಾನದಲ್ಲಿ ತಿಕ್ಕನನು ಆ ಕೊರತೆಯನ್ನು ಹಾಗೆಯೇ ಬಿಟ್ಟು, ವಿರಾಟಪರ್ವದಿಂದ ತೊಡಗಿ ಕೊನೆಯವರೆಗೆ ರಚಿಸಿದನು. ಉಳಿದ ಅರಣ್ಯಪರ್ವವನ್ನು ತುಂಬಿದವನು ಹದಿನಾಲ್ಕನೆಯ ಶತಮಾನದ ಎರ್ರನ. ಅವನ ಆಶ್ರಯದಾತ ಅದ್ದಂಕಿಯ ಪ್ರೋಲಯ ವೇಮಾರೆಡ್ಡಿ. ಆ ರೆಡ್ಡಿ ಅರಸರ ರಾಜಧಾನಿ ಮುಂದೆ ಕೊಂಡವೀಡಿಗೆ ಬಂತು. ಆದರೂ ಎರ್ರನನು ಈ ಭಾಗವನ್ನು ತನ್ನ ದೊರೆಗೆ ಅರ್ಪಿಸದೆ, ನನ್ನಯನೇ ಮುಗಿಸಿದನೋ ಎಂಬಂತೆ, ಸುಮಾರು ಮುನ್ನೂರು ವರ್ಷಗಳ ಹಿಂದಿನ ರಾಜರಾಜನರೇಂದ್ರನಿಗೇ ಅರ್ಪಿಸಿದನು. ತನ್ನ ದೊರೆಗೆ ಅವನು ‘ಹರಿವಂಶ’ವನ್ನು ಪ್ರತ್ಯೇಕವಾಗಿ ಅಂಕಿತ ಮಾಡಿದನು.

ಮಂಗಳಗಿರಿಯ ಶಾಸನವೊಂದು ಕೃಷ್ಣದೇವರಾಯನು ಕೊಂಡವೀಡನ್ನು ಗೆದ್ದುದನ್ನು ದಾಖಲಿಸುತ್ತದೆ; ಆ ಗೆಲುವಿನ ದಿನ ೧೫೧೫ರ ಜೂನ್ ೨೩. ಅದೇ ಕೃಷ್ಣರಾಯನ ಹೆಸರಿನಲ್ಲಿ ತಿಮ್ಮಣ್ಣನು ಕನ್ನಡ ಭಾರತದ ಉಳಿದ ಪರ್ವಗಳನ್ನು ಭಾಮಿನಿ ಷಟ್ಪದಿಯಲ್ಲಿಯೇ ರಚಿಸಿದನು. ಕೃತಿ ‘ಕೃಷ್ಣರಾಯ ಭಾರತ’ವೆಂದು ಹೆಸರಾಯಿತು. ಎರ್ರನನಲ್ಲಿ ಮುಂದುವರಿಸಿದವನು ಮೂಲದ ಹೆಸರಿನೊಳಗೆ ಅಡಗಿದನು. ತಿಮ್ಮಣ್ಣನಲ್ಲಿ ಛಂದಸ್ಸು ಮೂಲದ್ದು, ಹೆಸರು ಹೊಸ ಒಡೆಯನದು.

ಆದರೆ ಈ ಹೋಲಿಕೆಯನ್ನು ಒಂದು ಮಿತಿಯವರೆಗೆ ಮಾತ್ರ ಒಯ್ಯಬಹುದು. ಎರ್ರನನಿಗಾಗಲಿ ತಿಮ್ಮಣ್ಣನಿಗಾಗಲಿ ಮೂಲಕೃತಿಯನ್ನು ಕೊಂಡುಕೊಳ್ಳುವ ಪ್ರಸಂಗ ಬರಲಿಲ್ಲ. ಶಕ್ತಿ, ಶ್ರದ್ಧೆ, ಆಶ್ರಯ ಇಷ್ಟೇ ಅವರಿಗೆ ಬೇಕಾಗಿದ್ದುದು. ‘ವ್ಯಾನ್ ಬ್ಯೂರನ್’ ರೂಪಿಸುತ್ತಿದ್ದವರಿಗಾದರೋ, ಶಕ್ತಿ ಶ್ರದ್ಧೆಗಳೆರಡೂ ಇದ್ದು, ಕೆಲಸದಿಂದ ಹೊರಬಿದ್ದ ಮರುದಿನ ತಮ್ಮದೇ ಕಥೆಯನ್ನು ಮುಂದುವರಿಸುವ ಅಧಿಕಾರವಿರಲಿಲ್ಲ. ಸಾಯರ್ ಅವರು ಅದರ ಸಾಮಗ್ರಿಗೆ ಮರಳಿದ್ದು ಹಕ್ಕಿನ ಹೊಸ ಒಡೆಯರ ಅನುಮತಿಯಿಂದ. ಮುನ್ನೂರು ವರ್ಷಗಳ ನಂತರ ಪರನಾದ ಎರ್ರನನಿಗೆ ಇದ್ದ ಸ್ವಾತಂತ್ರ್ಯ ಇಲ್ಲಿ ಸ್ವತಃ ಕರ್ತೃಗಳಿಗೇ ಇಲ್ಲವಾಯಿತು.

೭. ಸಂಶೋಧಕರ ಮುಂದಿರುವ ಕೆಲಸ

ಅರ್ಧನೇಮಿ ಇಂದಿಗೂ ಉಳಿದಿರುವುದು ಲಿಪಿಕಾರರು ಅದನ್ನು ಪ್ರತಿಮಾಡಿದ್ದರಿಂದ. ಅಪೂರ್ಣವೆಂದು ಅವರು ಅದನ್ನು ತೊರೆಯಲಿಲ್ಲ. ಗಣಕಕೃತಿಗೆ ಈ ಭಾಗ್ಯ ಸುಲಭವಾಗಿ ಒದಗುವುದಿಲ್ಲ. ಅದರ ಮೂಲಸಂಕೇತ ಸಂಸ್ಥೆಯ ಒಳಗೇ ಉಳಿಯುತ್ತದೆ. ಸಂಸ್ಥೆ ಮುಳುಗಿದರೆ ಕೃತಿಯೂ ಮುಳುಗಬಹುದು. ಉಳಿದ ಕಡತವನ್ನು ತೆರೆಯಲು ಹಳೆಯ ಯಂತ್ರವೋ ತಂತ್ರಾಂಶವೋ ಬೇಕು. ಈ ತೊಡಕು ಕನ್ನಡಕ್ಕೂ ಹೊಸತಲ್ಲ. ಯೂನಿಕೋಡ್‌ಗೆ ಹಿಂದಿನ ‘ಬರಹ’, ‘ನುಡಿ’ ಅಕ್ಷರವಿನ್ಯಾಸಗಳಲ್ಲಿ ಟಂಕಿಸಿದ ಕಡತಗಳು ತಕ್ಕ ಅಕ್ಷರವಿನ್ಯಾಸವಿಲ್ಲದೆ, ಪರಿವರ್ತನೆಯಿಲ್ಲದೆ ಓದಲು ಬಾರದ ಗುರುತುಗಳಾಗಿ ಕಾಣುವುದನ್ನು ನಾವೆಲ್ಲರೂ ಬಲ್ಲೆವು.

ಹೀಗಿರುವಾಗ, ಕನ್ನಡದಲ್ಲಿ ರೂಪುಗೊಳ್ಳುವ ಆಟ, ಕೋಶ, ಶೈಕ್ಷಣಿಕ ತಂತ್ರಾಂಶ ಮುಂತಾದವುಗಳ ವಿಷಯದಲ್ಲಿ, ಬಿಡುಗಡೆಯಾದುದನ್ನು ಮಾತ್ರವಲ್ಲದೆ ನಿಂತುಹೋದುದನ್ನೂ ದಾಖಲಿಸುವುದು ಅಗತ್ಯ. ಪ್ರತಿಯೊಂದು ಕರಡಿಗೂ ದಿನಾಂಕವಿರಬೇಕು. ಅದು ಯಾರ ಕೈಯ ಬರಹ, ಯಾವ ಹಂತದ್ದು ಎಂಬುದು ತಿಳಿಯಬೇಕು. ಹಕ್ಕು ಯಾರದು, ಅದು ಯಾವಾಗ ಯಾರಿಗೆ ಕೈಮಾರಿತು ಎಂಬ ಮಾಹಿತಿ ಜೊತೆಗಿರಬೇಕು. ಹಸ್ತಪ್ರತಿಯ ಪುಷ್ಪಿಕೆಯಲ್ಲಿ ನಾವು ಹುಡುಕುವ ಸಂಗತಿಗಳು ಇವೇ. ಹೊರರಾಜ್ಯಗಳಲ್ಲಿ ಕೆಲಸ ಮಾಡುವ ಕನ್ನಡ ಸಂಶೋಧಕರಿಗೆ ನೆರೆಭಾಷೆಯ ಇಂತಹ ಸಾಮಗ್ರಿಯೂ ಕೈಗೆಟಕುವಂತಿರುವುದರಿಂದ ತೌಲನಿಕ ದಾಖಲಾತಿಗೆ ಅವರೇ ಹೆಚ್ಚು ಸಮರ್ಥರು. ಓಲೆಗರಿಯನ್ನು ಗೆದ್ದಲಿನಿಂದ ಕಾಯುವ ವಿದ್ಯೆ ನಮ್ಮಲ್ಲಿದೆ. ಕೈಬಿಟ್ಟ ಕಡತವನ್ನು ಮರೆವಿನಿಂದ ಕಾಯುವ ವಿದ್ಯೆಯನ್ನು ಅದರ ಜೊತೆಗೆ ರೂಢಿಸಿಕೊಳ್ಳಬೇಕಾಗಿದೆ.