ತಂಡದ ಆಟ, ಮನೆಯ ಹೊಣೆ

ಆಟಗಳು ನೆಲದ ಗುಣವನ್ನೂ ಹವೆಯ ಗುಣವನ್ನೂ ಅನುಸರಿಸಿ ಬೆಳೆಯುತ್ತವೆ. ಹಿಮಾಲಯದ ಮಡಿಲಲ್ಲಿರುವ ಲಡಾಖಿನಲ್ಲಿ ಚಳಿಗಾಲ ಬಂದೊಡನೆ ಕೆರೆಕುಂಟೆಗಳ ನೀರು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ. ಅಲ್ಲಿಯ ಬಾಲಕ ಬಾಲಕಿಯರು ಉಕ್ಕಿನ ಅಲಗುಳ್ಳ ಪಾದರಕ್ಷೆಗಳನ್ನು ಧರಿಸಿ ಆ ಮಂಜುಗಡ್ಡೆಯ ಮೇಲೆ ಜಾರುತ್ತ ಹಾಕಿ ಆಡುತ್ತಾರೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯಲ್ಲಿ ಮಂಜೂ ಇಲ್ಲ, ಅಂಥ ಚಳಿಯೂ ಇಲ್ಲ. ಇಲ್ಲಿಯ ಮಕ್ಕಳಿಗೆ ದೊರೆತಿರುವುದು ಮಣ್ಣಿನ ಬಯಲು ಮತ್ತು ಬಿಸಿಲು. ಹೆಚ್ಚಿನ ಸಲಕರಣೆಯನ್ನು ಬೇಡದ ಕಬಡ್ಡಿಯೂ ಖೋ ಖೋ ಆಟವೂ ಈ ನೆಲಕ್ಕೆ ಒಗ್ಗಿವೆ. ಆಟ ಯಾವುದೇ ಆಗಿರಲಿ, ಎಳೆಯರ ತಂಡವೊಂದನ್ನು ಕಟ್ಟುವಾಗ ಎಲ್ಲೆಡೆಯೂ ಒಂದೇ ಪ್ರಶ್ನೆ ಏಳುತ್ತದೆ. ಆಡುವ ಮಕ್ಕಳೂ ಅವರ ಮನೆಯವರೂ ಏನನ್ನು ತಿಳಿದಿರಬೇಕು? ಯಾವುದನ್ನು ಗೆಲುವಿಗಿಂತ ಮೇಲೆ ಇರಿಸಬೇಕು?

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹೆದ್ದಾರಿಯ ನಡುವೆ ಮಸ್ಕಿ ಇದೆ. ಮೊದಲು ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕಿನ ಕೇಂದ್ರವಾಗಿದೆ. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ಗದ್ದೆಗಳು ಹಬ್ಬಿವೆ. ಲಿಂಗಸುಗೂರು ತಾಲ್ಲೂಕಿನಲ್ಲಿ ಮುದಗಲ್ಲಿನ ಕೋಟೆಯೂ ಹಟ್ಟಿಯ ಚಿನ್ನದ ಗಣಿಯೂ ಇವೆ. ನೀರಾವರಿಯಿಲ್ಲದ ಹೊಲಗಳೂ ಬಹಳ. ಈ ಭೇದವನ್ನು ಶಾಲೆಯ ಆಟದ ಬಯಲಿನಲ್ಲಿಯೂ ಕಾಣಬಹುದು. ಶಾಲಾ ಕ್ರೀಡಾಕೂಟಗಳು ಸಾಮಾನ್ಯವಾಗಿ ಮಳೆಗಾಲದಲ್ಲಿ ಜರುಗುತ್ತವೆ. ಗದ್ದೆಯ ನಾಟಿಯೂ ಹೊಲದ ಕಳೆಯೂ ಕೈಗಳನ್ನು ಬೇಡುವ ಕಾಲವೂ ಅದೇ. ಕಬಡ್ಡಿಯ ಅಭ್ಯಾಸಕ್ಕೆ ಬರಬೇಕಾದ ಹುಡುಗ ಹೊಲದಲ್ಲಿರುತ್ತಾನೆ. ಖೋ ಖೋ ತಂಡದ ಹುಡುಗಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾಳೆ. ಆದುದರಿಂದ ಈ ಭಾಗದಲ್ಲಿ ತಂಡದ ಮಾತು ಶಾಲೆಯೊಂದರ ಮಾತಲ್ಲ. ಅದು ಮನೆಯ ಮಾತೂ ಹೌದು.

ಈ ಎರಡು ಆಟಗಳ ರಚನೆಯನ್ನು ಸ್ವಲ್ಪ ಗಮನಿಸೋಣ. ಕಬಡ್ಡಿಯಲ್ಲಿ ಒಂದೊಂದು ಪಕ್ಷದ ಏಳು ಜನರು ಅಂಕಣದಲ್ಲಿರುತ್ತಾರೆ. ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ 'ಕಬಡ್ಡಿ' ಎನ್ನುತ್ತ, 30 ಸೆಕೆಂಡುಗಳೊಳಗೆ ಎದುರಾಳಿಯನ್ನು ಮುಟ್ಟಿ ಹಿಂದಿರುಗಬೇಕು. ಅವನು ಒಬ್ಬನೇ ಹೋಗುತ್ತಾನೆ, ನಿಜ. ಆದರೆ ಅವನು ಎದುರಾಳಿಯೊಬ್ಬನನ್ನು ಹೊರಗೆ ಹಾಕಿದಾಗ, ಮೊದಲೇ ಹೊರಬಿದ್ದು ಕುಳಿತಿದ್ದ ಅವನ ಸಂಗಡಿಗನೊಬ್ಬನು ಮತ್ತೆ ಆಟಕ್ಕೆ ಬರುತ್ತಾನೆ. ಒಬ್ಬನ ಸಾಹಸ ಇನ್ನೊಬ್ಬನಿಗೆ ಜೀವ ಕೊಡುತ್ತದೆ. ಖೋ ಖೋ ಆಟದಲ್ಲಿ ಬೆನ್ನಟ್ಟುವ ಪಕ್ಷದ ಎಂಟು ಜನರು ಸಾಲಾಗಿ, ಒಬ್ಬರು ಅತ್ತ ಒಬ್ಬರು ಇತ್ತ ಮುಖಮಾಡಿ ಕುಳಿತಿರುತ್ತಾರೆ; ಒಂಬತ್ತನೆಯವನು ಓಡುತ್ತಾನೆ. ಓಡುವವನು ತನ್ನ ಇಷ್ಟದಂತೆ ದಿಕ್ಕು ಬದಲಿಸಲಾರ. ಕುಳಿತವರ ಸಾಲನ್ನು ದಾಟಲಾರ. ಕುಳಿತವನು ಬೆನ್ನ ಹಿಂದಿನಿಂದ 'ಖೋ' ಎಂಬ ಕರೆ ಬರುವವರೆಗೆ ಏಳಲಾರ. ಎಷ್ಟೇ ವೇಗದ ಓಟಗಾರನಾದರೂ ಸರಿಯಾದ ಗಳಿಗೆಯಲ್ಲಿ ತನ್ನ ಸರದಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಡದಿದ್ದರೆ ತಂಡ ಸೋಲುತ್ತದೆ. ಬಿಟ್ಟುಕೊಡುವ ಈ ಗುಣವನ್ನು ಆಟದಷ್ಟು ಚೆನ್ನಾಗಿ ಕಲಿಸುವ ವಿದ್ಯೆಗಳು ವಿರಳ.

ಶಾಲಾ ತಂಡವೊಂದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಊರಿನ ಸುತ್ತಲಿನ ಶಾಲೆಗಳೊಡನೆ ಆಡಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ರಾಯಚೂರು ಜಿಲ್ಲೆಯ ಕ್ರೀಡಾಕೂಟಕ್ಕೆ, ಅನಂತರ ಕಲಬುರಗಿ ವಿಭಾಗಕ್ಕೆ, ಕೊನೆಗೆ ರಾಜ್ಯಮಟ್ಟಕ್ಕೆ ಹೋಗುತ್ತಾರೆ. ಮೇಲಿನ ಮೆಟ್ಟಿಲುಗಳಲ್ಲಿ ಕಬಡ್ಡಿಯನ್ನು ಮಣ್ಣಿನ ಬದಲು ಹಾಸಿನ ಮೇಲೆ ಆಡಿಸುವುದುಂಟು. ಮಣ್ಣಿನಲ್ಲಿ ಬರಿಗಾಲಿನಿಂದ ಕಲಿತ ಹುಡುಗನಿಗೆ ಹಾಸಿನ ಹಿಡಿತವೂ ಪಾದರಕ್ಷೆಯ ಭಾರವೂ ಹೊಸತು. ಮೊದಲ ಸಲ ಅಲ್ಲಿಗೆ ಹೋಗಿ ಸೋತು ಬಂದವನನ್ನು ಹೀಯಾಳಿಸಬಾರದು. ಆ ಸೋಲು ಅವನ ಅಯೋಗ್ಯತೆಯಲ್ಲ, ಅನುಭವದ ಕೊರತೆ ಮಾತ್ರ.

ಇನ್ನು ದೇಹರಕ್ಷಣೆಯ ವಿಚಾರ. ಈ ಸೀಮೆಯಲ್ಲಿ ಎಳೆಯ ಆಟಗಾರನ ಮೊದಲ ಎದುರಾಳಿ ಬಿಸಿಲು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಮಳೆಗಾಲದಲ್ಲಿಯೂ ಮೋಡ ಸರಿದ ದಿನ ಸೆಕೆ ಬಲವಾಗಿರುತ್ತದೆ. ಆಡುವಾಗ ಸ್ನಾಯುಗಳು ಶಾಖವನ್ನು ಉಂಟುಮಾಡುತ್ತವೆ. ಬೆವರು ಆರಿದಾಗ ಆ ಶಾಖ ಹೊರಹೋಗುತ್ತದೆ. ದೇಹದಲ್ಲಿ ನೀರು ಕಡಿಮೆಯಾದರೆ ಬೆವರು ಸಾಲದೆ, ಶಾಖವು ಒಳಗೇ ಉಳಿಯುತ್ತದೆ. ಆದಕಾರಣ ಬೇಸಿಗೆಯ ಅಭ್ಯಾಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು, ಇಲ್ಲವೆ ಸಂಜೆ ಬಿಸಿಲು ಇಳಿದ ಮೇಲೆ ಆರಂಭಿಸಬೇಕು. ಬಾಯಾರುವವರೆಗೆ ಕಾಯದೆ, ಆಗಾಗ ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯಬೇಕು. ಉಪ್ಪು ಬೆರೆಸಿದ ಮಜ್ಜಿಗೆಯೂ ನಿಂಬೆಯ ಪಾನಕವೂ ಉತ್ತಮ. ನೀರು ಕುಡಿಯದೆ ಆಡುವುದು ಗಟ್ಟಿತನದ ಗುರುತು ಎಂಬ ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಆಡುತ್ತಿರುವವನಿಗೆ ತಲೆ ಸುತ್ತಿ, ಮಾತು ತೊದಲಿ, ಮೈ ಸುಡುತ್ತಿದ್ದರೆ ತಡಮಾಡದೆ ನೆರಳಿಗೆ ಒಯ್ಯಬೇಕು. ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ, ಆಸ್ಪತ್ರೆಗೆ ಸಾಗಿಸುವ ಏರ್ಪಾಡು ಮಾಡಬೇಕು. ಎಚ್ಚರ ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಎರಡನೆಯ ಎದುರಾಳಿ ನೆಲ. ಎರೆಮಣ್ಣು ಮಳೆಯಲ್ಲಿ ಅಂಟಾಗಿ ಜಾರುತ್ತದೆ. ಒಣಗಿದಾಗ ಬಿರುಕು ಬಿಟ್ಟು ಕಾಲನ್ನು ಹಿಡಿಯುತ್ತದೆ. ಅಂಕಣವನ್ನು ಆಟಗಾರರೇ ಕೂಡಿ ಅಗೆದು, ಕಲ್ಲುಮುಳ್ಳುಗಳನ್ನು ಆರಿಸಿ, ಮರಳು ಬೆರೆತ ಮೆತ್ತನೆಯ ಮಣ್ಣನ್ನು ಹರಡಿ ನೀರು ಚಿಮುಕಿಸಿದರೆ ಅನೇಕ ಗಾಯಗಳು ತಪ್ಪುತ್ತವೆ. ಆಟಕ್ಕೆ ಮೊದಲು ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡಿ, ಕೈಕಾಲುಗಳನ್ನು ಸಡಿಲಗೊಳಿಸಿಕೊಳ್ಳಬೇಕು. ಬೆಳೆಯುವ ಮಕ್ಕಳ ಎಲುಬಿನ ತುದಿಗಳು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಅಲ್ಲಿ ಪೆಟ್ಟು ಬಿದ್ದು ಅಲಕ್ಷ್ಯ ಮಾಡಿದರೆ ಬೆಳವಣಿಗೆಯೇ ಕೆಡಬಹುದು. ಕೀಲು ಉಳುಕಿದಾಗ ಒಡನೆ ಎಣ್ಣೆ ಹಚ್ಚಿ ತಿಕ್ಕುವುದು, ಎಳೆದು ಸರಿಪಡಿಸಲು ನೋಡುವುದು ಅಪಾಯಕರ. ತಣ್ಣೀರಿನ ಬಟ್ಟೆಯನ್ನು ಸುತ್ತಿ, ಆ ಅಂಗವನ್ನು ಎತ್ತರಿಸಿ ಇಟ್ಟು, ವೈದ್ಯರಿಗೆ ತೋರಿಸಬೇಕು. ಮಣ್ಣು ಸೇರಿದ ಗಾಯವನ್ನು ಶುದ್ಧ ನೀರು, ಸಾಬೂನಿನಿಂದ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಬೇಕೇ ಎಂದು ವಿಚಾರಿಸಬೇಕು. ತಲೆಗೆ ಪೆಟ್ಟು ಬಿದ್ದವನಿಗೆ ತಲೆನೋವು, ವಾಂತಿ ಅಥವಾ ಮಂಕು ಕಂಡರೆ, ಪಂದ್ಯ ಎಷ್ಟೇ ಮಹತ್ತ್ವದ್ದಾಗಿರಲಿ, ಆ ದಿನ ಅವನು ಮತ್ತೆ ಅಂಕಣಕ್ಕೆ ಇಳಿಯಕೂಡದು, ವೈದ್ಯರನ್ನು ಕಾಣಬೇಕು.

ಆಹಾರದ ವಿಷಯದಲ್ಲಿ ಬೆಲೆಬಾಳುವ ಡಬ್ಬಿಯ ಪುಡಿಗಳ ಅಗತ್ಯವಿಲ್ಲ. ಜೋಳದ ರೊಟ್ಟಿ, ಬೇಳೆ, ಮೊಳಕೆ ಬಂದ ಕಾಳು, ಶೇಂಗಾ ಚಟ್ನಿ, ಪುಂಡಿಪಲ್ಯ, ಮೊಸರು, ಒಗ್ಗುವವರಿಗೆ ಮೊಟ್ಟೆ, ಇವುಗಳಿಂದ ಬೇಕಾದ ಶಕ್ತಿಯೂ ಪುಷ್ಟಿಯೂ ದೊರೆಯುತ್ತವೆ. ಆದರೆ ಬರಿಹೊಟ್ಟೆಯಲ್ಲಿ ಶಾಲೆಗೆ ಬಂದು, ಸಂಜೆ ಬರಿಹೊಟ್ಟೆಯಲ್ಲಿಯೇ ಆಡುವವನಿಗೆ ಯಾವ ಶಿಕ್ಷಣವೂ ಹತ್ತದು. ಕಬಡ್ಡಿಯಲ್ಲಿ ವಯಸ್ಸಿನ ವಿಭಾಗಕ್ಕೆ ತಕ್ಕಂತೆ ತೂಕದ ಮಿತಿಯಿರುವುದುಂಟು. ಆ ಮಿತಿಯೊಳಗೆ ಬರಲೆಂದು ಮಕ್ಕಳನ್ನು ಎರಡು ಮೂರು ದಿನ ಉಪವಾಸ ಕೆಡವುವುದು, ನೀರು ಬಿಡಿಸುವುದು ಆಟವಲ್ಲ, ಹಿಂಸೆ. ಬೆಳೆಯುವ ದೇಹ ತೂಕದಲ್ಲಿ ಏರುವುದು ಸಹಜ. ಮಗುವು ಒಂದು ವಿಭಾಗವನ್ನು ಮೀರಿ ಬೆಳೆದರೆ ಮುಂದಿನ ವಿಭಾಗಕ್ಕೆ ಅದನ್ನು ಸಿದ್ಧಗೊಳಿಸಬೇಕು.

ವಯಸ್ಸಿನ ವಿಚಾರದಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಶಾಲಾ ಕ್ರೀಡೆಗಳಲ್ಲಿ 14, 17 ಮತ್ತು 19 ವರ್ಷದೊಳಗಿನವರೆಂದು ವಿಭಾಗಗಳಿವೆ. ಹುಟ್ಟಿದ ದಿನಾಂಕವನ್ನು ತಿದ್ದಿ ದೊಡ್ಡವನನ್ನು ಚಿಕ್ಕವರ ನಡುವೆ ಆಡಿಸಿದರೆ ಇಬ್ಬರಿಗೆ ಕೇಡು. ನಿಜವಾದ ಚಿಕ್ಕವನು ಏಟು ತಿನ್ನುತ್ತಾನೆ. ಸುಳ್ಳಿನಿಂದ ಗೆದ್ದವನು ತನ್ನ ಸಮಾನರ ಮುಂದೆ ಮುಂದೊಮ್ಮೆ ಕುಗ್ಗಿಹೋಗುತ್ತಾನೆ. ಇದಕ್ಕೆ ವಿರುದ್ಧವಾದ ಅಪಾಯವೂ ಉಂಟು. ಹೊನಲು ಬೆಳಕಿನ ಪಂದ್ಯಗಳಲ್ಲಿ ಹದಿಮೂರು ಹದಿನಾಲ್ಕರ ಚುರುಕು ಹುಡುಗರನ್ನು ಪ್ರಾಯದವರ ತಂಡಕ್ಕೆ ಸೇರಿಸಿಕೊಳ್ಳುವ ಆಸೆ ಹುಟ್ಟಬಹುದು. ಬಹುಮಾನದ ಹಣ ಒಂದು ರಾತ್ರಿಯದು; ಮುರಿದ ಮೊಣಕಾಲು ಜೀವಮಾನದ್ದು. ಇಂಥ ಕರೆ ಬಂದಾಗ ಪಾಲಕರು 'ಬೇಡ' ಎನ್ನುವ ಧೈರ್ಯ ತೋರಬೇಕು.

ಹಾಗಾದರೆ ಮನೆಯವರ ಕರ್ತವ್ಯವು ತಡೆಯುವುದು ಮಾತ್ರವೇ? ಅಲ್ಲ. ಒಬ್ಬ ಬಾಲಕನನ್ನು ಕಲ್ಪಿಸಿಕೊಳ್ಳೋಣ. ಅವನ ಹೆಗಲು ಎರಡು ದಿನಗಳಿಂದ ನೋಯುತ್ತಿದೆ. ಹೇಳಿದರೆ ತಂದೆ ಆಟವನ್ನೇ ಬಿಡಿಸುವರೆಂಬ ಭಯದಿಂದ ಮನೆಯಲ್ಲಿ ಹೇಳುವುದಿಲ್ಲ. ತಂಡದಿಂದ ಕೈಬಿಡುವರೆಂಬ ಭಯದಿಂದ ಶಿಕ್ಷಕರಿಗೂ ಹೇಳುವುದಿಲ್ಲ. ಮೂರನೆಯ ದಿನ ಅದೇ ಹೆಗಲಿನ ಮೇಲೆ ಬೀಳುತ್ತಾನೆ. ಇಲ್ಲಿ ತಪ್ಪು ಹುಡುಗನೊಬ್ಬನದೇ ಎನ್ನಲಾಗದು. ನೋವನ್ನು ಹೇಳಿಕೊಂಡರೆ ಶಿಕ್ಷೆಯಾಗುವುದಿಲ್ಲ ಎಂಬ ನಂಬಿಕೆಯನ್ನು ಹಿರಿಯರು ಅವನಲ್ಲಿ ಮೂಡಿಸಿರಲಿಲ್ಲ. ಪಾಲಕರು ಪಂದ್ಯವನ್ನು ನೋಡಲು ಹೋಗಬೇಕು. ಆದರೆ ಗೆರೆಯ ಹೊರಗೆ ನಿಂತು ಬೈಯಬಾರದು, ತೀರ್ಪುಗಾರರೊಡನೆ ಜಗಳಕ್ಕೆ ನಿಲ್ಲಬಾರದು. ಸೋತು ಬಂದ ಮಗನನ್ನು 'ಊಟ ಮಾಡಿದೆಯಾ, ಏಟು ಬಿತ್ತೇ' ಎಂದು ಮೊದಲು ಕೇಳಬೇಕು. ಅಂಕಗಳ ಲೆಕ್ಕ ಅನಂತರ ಬರಲಿ. ಮನೆಗೆಲಸವನ್ನು ಪೂರ್ತಿ ಬಿಡಿಸಲು ಎಲ್ಲರಿಗೂ ಸಾಧ್ಯವಿಲ್ಲ. ವಾರದ ಕೆಲವು ಸಂಜೆಗಳನ್ನಾದರೂ ಆಟಕ್ಕೆ ಮೀಸಲಿಟ್ಟರೆ ಸಾಕು. ವಾರದಲ್ಲಿ ಒಂದು ದಿನ ಪೂರ್ಣ ವಿಶ್ರಾಂತಿ, ರಾತ್ರಿ ಎಂಟು ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಇರಲೇಬೇಕು.

ಬಾಲಕಿಯರ ವಿಷಯದಲ್ಲಿ ಮನೆಯ ನಿರ್ಣಯ ಇನ್ನೂ ಭಾರವಾದುದು. ಎಂಟನೆಯ ತರಗತಿಯವರೆಗೆ ಆಡುತ್ತಿದ್ದ ಹುಡುಗಿ ಮೈನೆರೆದ ಬಳಿಕ ಬಯಲಿನಿಂದ ಮರೆಯಾಗುವುದನ್ನು ನಾವು ಕಂಡಿದ್ದೇವೆ. ಮುಟ್ಟಿನ ದಿನಗಳಲ್ಲಿ ವ್ಯಾಯಾಮ ಮಾಡಿದರೆ ಕೇಡಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ನೋವಿದ್ದರೆ ವಿಶ್ರಾಂತಿ, ಇಲ್ಲದಿದ್ದರೆ ಎಂದಿನ ಆಟ. ರಕ್ತಹೀನತೆಯಿಂದ ಬೇಗ ದಣಿಯುವವರು ವೈದ್ಯರ ಸಲಹೆಯಂತೆ ಕಬ್ಬಿಣಾಂಶದ ಗುಳಿಗೆಗಳನ್ನು ತೆಗೆದುಕೊಳ್ಳಬೇಕು. ಕತ್ತಲಾಗುವ ಮೊದಲೇ ಅಭ್ಯಾಸ ಮುಗಿಯಬೇಕು, ಪರವೂರಿಗೆ ಹೋಗುವಾಗ ಶಿಕ್ಷಕಿಯೊಬ್ಬರು ಜೊತೆಗಿರಬೇಕು, ಉಳಿಯುವ ಸ್ಥಳದಲ್ಲಿ ಶೌಚಾಲಯವೂ ಭದ್ರತೆಯೂ ಇರಬೇಕು ಎಂದು ಪಾಲಕರು ಕೇಳುವುದು ನ್ಯಾಯ. ಈ ಏರ್ಪಾಡುಗಳಿಲ್ಲದಿದ್ದರೆ ಅವನ್ನು ಮಾಡಿಸಬೇಕೇ ಹೊರತು, ಮಗಳ ಆಟವನ್ನು ನಿಲ್ಲಿಸಬಾರದು.

ಹೀಗೆ ನಿಲ್ಲಿಸದೆ ಮುಂದುವರಿದ ಮನೆಗಳಿಂದಲೇ ನಾಡಿಗೆ ಕೀರ್ತಿ ಬಂದಿದೆ. ಕಬಡ್ಡಿಯನ್ನು 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ಸಮಯದಲ್ಲಿ ಲೋಕಕ್ಕೆ ಪ್ರದರ್ಶಿಸಲಾಯಿತು; 1990ರಲ್ಲಿ ಅದು ಏಷ್ಯನ್ ಕ್ರೀಡಾಕೂಟದ ಸ್ಪರ್ಧೆಯಾಯಿತು. 2010ರಲ್ಲಿ ಮಹಿಳೆಯರಿಗೂ ಅಲ್ಲಿ ಸ್ಥಾನ ದೊರೆತಾಗ ಚಿನ್ನ ಗೆದ್ದ ಭಾರತ ತಂಡದಲ್ಲಿ ಕಾರ್ಕಳ ತಾಲ್ಲೂಕಿನ ಗ್ರಾಮೀಣ ಪರಿಸರದಲ್ಲಿ ಬೆಳೆದ ಮಮತಾ ಪೂಜಾರಿಯವರಿದ್ದರು. 2014ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲನೆಯ ಖೋ ಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಆಡಿದರು. ಆದರೆ ಆಡಿದ ಮಕ್ಕಳೆಲ್ಲರೂ ಅಷ್ಟು ಎತ್ತರಕ್ಕೆ ಏರಲಾರರು. ಆದುದರಿಂದ ಓದನ್ನು ಆಟದ ಶತ್ರುವೆಂದು ಎಣಿಸಕೂಡದು. ಆಟಕ್ಕೆ ಹೋಗಿ ತಪ್ಪಿದ ಪಾಠಗಳನ್ನು ಸಹಪಾಠಿಗಳಿಂದ ಬರೆದುಕೊಳ್ಳುವುದು, ಪರೀಕ್ಷೆಯ ಕಾಲದಲ್ಲಿ ಅಭ್ಯಾಸವನ್ನು ಮಿತಗೊಳಿಸುವುದು, ಇವು ಆಟಗಾರನ ಶಿಸ್ತಿನಲ್ಲಿಯೇ ಸೇರಿವೆ.

ಮಸ್ಕಿಯ ಬೆಟ್ಟದಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನವಿದೆ. 1915ರಲ್ಲಿ ಬೆಳಕಿಗೆ ಬಂದ ಅದು, ಅಶೋಕನೆಂಬ ಹೆಸರನ್ನೇ ಹೊತ್ತಿದ್ದರಿಂದ ಚರಿತ್ರೆಯಲ್ಲಿ ಪ್ರಸಿದ್ಧವಾಯಿತು. ಶ್ರೇಷ್ಠವಾದ ಗುರಿಯು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರೂ ಅದನ್ನು ಪಡೆಯಬಹುದು ಎಂಬುದು ಆ ಶಾಸನದ ಒಂದು ಆಶಯ. ಆ ಮಾತು ಧರ್ಮವನ್ನು ಕುರಿತದ್ದಾದರೂ, ಅದೇ ಬೆಟ್ಟದ ಸುತ್ತಲಿನ ಊರುಗಳಲ್ಲಿ ಸಂಜೆ ಅಂಕಣದ ಗೆರೆ ಎಳೆಯುವ ಮಕ್ಕಳಿಗೂ ಒಪ್ಪುತ್ತದೆ. ಪ್ರಯತ್ನ ಮಕ್ಕಳದು, ಆ ಪ್ರಯತ್ನದಲ್ಲಿ ಅವರ ದೇಹ ಮುರಿಯದಂತೆ, ಮನಸ್ಸು ಕುಗ್ಗದಂತೆ ಕಾಯುವ ಹೊಣೆ ಹಿರಿಯರದು. ಪಂದ್ಯ ಮುಗಿದ ಮೇಲೆ ಫಲಕದ ಅಂಕಗಳನ್ನು ಅಳಿಸಿಬಿಡುತ್ತಾರೆ. ಆಡಿದ ಮಗು ನಗುತ್ತ, ನೆಟ್ಟಗೆ ನಡೆಯುತ್ತ ಮನೆಗೆ ಹಿಂದಿರುಗಿ, ಮರುದಿನ ಮತ್ತೆ ಆಡಲು ಬಯಸಿದರೆ, ಅದೇ ಆ ತಂಡದ ನಿಜವಾದ ಗೆಲುವು.