ಮಂಡಿನೋವಿಗೆ ಹೊಕ್ಕುಳಬಳ್ಳಿಯ ಇಂಜೆಕ್ಷನ್

ತೋಟದ ಏರು ಹತ್ತಿಳಿದವರಿಗೆ ಮಂಡಿನೋವು ಹೊಸದಲ್ಲ. ಹೆರಿಗೆಯ ನಂತರ ಸಿಗುವ ಮಾಸು, ಹೊಕ್ಕುಳಬಳ್ಳಿಗಳಿಂದ ತಯಾರಿಸಿದ ಮದ್ದನ್ನು ಚುಚ್ಚಿದರೆ ಸವೆದ ಕೀಲು ಸರಿಹೋಗುವುದೆಂದು ಅಮೆರಿಕದ ಕೆಲವು ಚಿಕಿತ್ಸಾಲಯಗಳು ಸಾವಿರಾರು ಡಾಲರ್ ಪಡೆದಿವೆ. ಅದರಲ್ಲಿ ಜೀವಂತ ಆಕರಕೋಶ (ಸ್ಟೆಮ್‌ಸೆಲ್) ಇದೆಯೆಂಬುದು ಅವರ ವಾದ. ಸಂಸ್ಕರಿಸಿ ಮಾರುವ ಇಂಥ ಹಲವು ಮದ್ದುಗಳನ್ನು ಪರೀಕ್ಷಿಸಿದಾಗ ಅವು ಕಾಣಲೇ ಇಲ್ಲ. ಹುರಿದ ಕಾಫಿಬೀಜ ಬಿತ್ತಿ ಸಸಿಗೆ ಕಾದಂತಾಯಿತು! 2018ರಲ್ಲಿ ಟೆಕ್ಸಾಸ್, ಫ್ಲಾರಿಡಾ, ಅರಿಜೋನಾಗಳಲ್ಲಿ ಹೊಕ್ಕುಳಬಳ್ಳಿ ರಕ್ತದ ಮದ್ದು ಚುಚ್ಚಿಸಿಕೊಂಡ 12 ಮಂದಿ ಸೋಂಕು ತಗಲಿ ಆಸ್ಪತ್ರೆ ಸೇರಿದರು. ತೆರೆಯದ ಸೀಸೆಗಳಲ್ಲೇ ಬ್ಯಾಕ್ಟೀರಿಯಾ ಸಿಕ್ಕಿತು. ಕೀಲುನೋವಿಗೆ ಇಂಥ ಯಾವ ಮದ್ದಿಗೂ ಅಲ್ಲಿನ ಎಫ್.ಡಿ.ಎ. ಒಪ್ಪಿಗೆಯಿಲ್ಲ. ನಮ್ಮಲ್ಲೂ ಐ.ಸಿ.ಎಂ.ಆರ್.ನ 2017ರ ಮಾರ್ಗಸೂಚಿಯಂತೆ ಹೊಕ್ಕುಳಬಳ್ಳಿಯ ಆಕರಕೋಶವನ್ನು ಕೀಲಿಗೆ ಬಳಸುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಸದಸ್ಯರು ಅಡಿಕೆ ಮಾರಿದ ದುಡ್ಡು ಎಣಿಸಿಕೊಡುವ ಮುಂಚೆ ಆ ಪ್ರಯೋಗದ ನೋಂದಣಿ ಸಂಖ್ಯೆ ಕೇಳಬೇಕು.