ಮಧುಮೇಹಿಗಳೂ ತಂಪು ಪಾನೀಯವೂ: ಲೋಟದೊಳಗಿನ ಸಕ್ಕರೆಯ ಲೆಕ್ಕ

ಬೆಂಗಳೂರು: ಮದುವೆ ಮನೆಯ ಬಾಗಿಲಲ್ಲಿ ಬಣ್ಣದ ಪಾನೀಯದ ಲೋಟ ಮುಂದೊಡ್ಡಿದವರಿಗೆ ‘ನನಗೆ ಶುಗರ್ ಇದೆ’ ಎಂದರೆ, ‘ಒಂದು ಲೋಟ ತಾನೆ, ಏನೂ ಆಗುವುದಿಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಒಂದು ಲೋಟದಲ್ಲಿ ಏನಿದೆ ಎಂದು ಲೆಕ್ಕ ಹಾಕಿದವರು ಕಡಿಮೆ.

ಸಾಮಾನ್ಯ ಕೋಲಾದ ಪ್ರತಿ 100 ಮಿ.ಲೀ.ನಲ್ಲಿ ಸುಮಾರು 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 300 ಮಿ.ಲೀ. ಕುಡಿದರೆ 30 ಗ್ರಾಂಗೂ ಹೆಚ್ಚು, ಅಂದರೆ ಆರೇಳು ಟೀ ಚಮಚ. ಕಾಫಿಗೆ ಅಷ್ಟು ಸಕ್ಕರೆ ಸುರಿದರೆ ಬಾಯಿಗಿಡಲಾಗದು. ತಣ್ಣಗಿರುವ, ಹುಳಿ ಬೆರೆತ ಪಾನೀಯದಲ್ಲಿ ನಾಲಿಗೆ ಮೋಸಹೋಗುತ್ತದೆ. ಆರೋಗ್ಯವಂತರಿಗೂ ದಿನಕ್ಕೆ ಸುಮಾರು 25 ಗ್ರಾಂ ಮಿತಿಯೊಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ.

ಅನ್ನ, ಮುದ್ದೆಯೂ ಕೊನೆಗೆ ಗ್ಲೂಕೋಸ್ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತವೆ. ಆದರೆ ಸಾರು, ಪಲ್ಯ, ಕಾಳುಗಳ ಜೊತೆ ಹೊಟ್ಟೆ ಸೇರುವ ಊಟ ನಿಧಾನವಾಗಿ ಜೀರ್ಣವಾಗುತ್ತದೆ. ನಾರಿಲ್ಲದ ದ್ರವವಾದರೋ ಬೇಗನೆ ಕರುಳಿಗಿಳಿದು ರಕ್ತ ಸೇರುತ್ತದೆ. ಆ ವೇಗಕ್ಕೆ ತಕ್ಕ ಇನ್ಸುಲಿನ್ ಒದಗಿಸಲು ಮಧುಮೇಹಿಯ ದೇಹಕ್ಕೆ ಸಾಧ್ಯವಾಗದು. ಬೆಲ್ಲದ ಪಾನಕ, ಕಬ್ಬಿನ ಹಾಲು, ಪೊಟ್ಟಣದ ಹಣ್ಣಿನ ರಸಗಳೂ ಇದಕ್ಕೆ ಹೊರತಲ್ಲ. ‘ಬೆಲ್ಲ ಪರವಾಗಿಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಬೆಲ್ಲದ ಬಹುಪಾಲು ಸಕ್ಕರೆಯೇ.

‘ಡಯಟ್’, ‘ಜೀರೋ’ ಹೆಸರಿನ ಪಾನೀಯಗಳಲ್ಲಿ ಸಕ್ಕರೆಯ ಬದಲು ಆಸ್ಪರ್ಟೇಮ್, ಸುಕ್ರಲೋಸ್‌ನಂಥ ಸಿಹಿಕಾರಕಗಳಿರುತ್ತವೆ. ಇವು ರಕ್ತದ ಸಕ್ಕರೆಯನ್ನು ನೇರವಾಗಿ ಏರಿಸುವುದಿಲ್ಲ. ತೂಕ ಇಳಿಸಲು ಇವನ್ನು ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತಾದರೂ, ಈಗಾಗಲೇ ಮಧುಮೇಹ ಇರುವವರಿಗೆ ಆ ಸಲಹೆ ಅನ್ವಯಿಸದೆಂದೂ ಸ್ಪಷ್ಟಪಡಿಸಿತು. ಹಾಗೆಂದು ಮಜ್ಜಿಗೆ, ನೀರಿನ ಬದಲು ದಿನವೂ ಇದನ್ನೇ ಕುಡಿಯುವ ಅಗತ್ಯವೇನೂ ಇಲ್ಲ.

ಇನ್ನು, ಇದೇ ಸಕ್ಕರೆ ಪ್ರಾಣ ಉಳಿಸುವ ಸಂದರ್ಭವೂ ಉಂಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದಾಗ ರಕ್ತದ ಸಕ್ಕರೆ 70 ಮಿ.ಗ್ರಾಂ.ಗಿಂತ ಕೆಳಗಿಳಿಯಬಹುದು. ಬೆವರು, ನಡುಕ, ಎದೆಬಡಿತ, ಮಾತು ತೊದಲುವುದು ಇದರ ಲಕ್ಷಣ. ಈ ಸಮಯದಲ್ಲಿ ‘ಸಕ್ಕರೆ ಕಾಯಿಲೆಯವರು, ಸಿಹಿ ಕೊಡಬಾರದು’ ಎಂದು ಮನೆಯವರು ತಡೆಯುವುದು ಅಪಾಯಕಾರಿ. ತಕ್ಷಣ 15 ಗ್ರಾಂ ಸಕ್ಕರೆ, ಅಂದರೆ ಸುಮಾರು 150 ಮಿ.ಲೀ. ಸಾಮಾನ್ಯ ಕೋಲಾ ಕೊಟ್ಟು, 15 ನಿಮಿಷದ ಬಳಿಕ ಮತ್ತೆ ಪರೀಕ್ಷಿಸಬೇಕು. ಡಯಟ್ ಪಾನೀಯ ಇಲ್ಲಿ ನೀರಿಗೆ ಸಮ.

ಸೀಸೆಯ ಮೇಲಿನ ಚೀಟಿ ಓದುವುದೂ ಮುಖ್ಯ. ಬ್ರಿಟನ್ನಿನಲ್ಲಿ ಅನೇಕ ಮಧುಮೇಹಿಗಳು ಇಂಥ ತುರ್ತಿಗೆಂದು ಲ್ಯೂಕೋಜೇಡ್ ಪಾನೀಯವನ್ನು ನೆಚ್ಚಿಕೊಂಡಿದ್ದರು. 2018ರ ಸಕ್ಕರೆ ತೆರಿಗೆಗೆ ಮುನ್ನ, 2017ರಲ್ಲಿ, ತಯಾರಕರು ಅದರ ಸಕ್ಕರೆಯನ್ನು ಸುಮಾರು ಅರ್ಧಕ್ಕೆ ಇಳಿಸಿದರು. ಹೆಸರು ಅದೇ, ಆದರೆ ಬೇಕಾದ ಪ್ರಮಾಣ ಬಹುತೇಕ ಇಮ್ಮಡಿಯಾಯಿತು!

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವೋಗ್ಲಿಬೋಸ್ ಮಾತ್ರೆಯದು ಮತ್ತೊಂದು ಕಥೆ. ಸಕ್ಕರೆ ಕರುಳಿನಲ್ಲಿ ಒಡೆಯುವುದನ್ನು ತಡೆಯುವುದೇ ಅದರ ಕೆಲಸವಾದ್ದರಿಂದ, ಅದನ್ನು ನುಂಗುವವರಿಗೆ ಕೋಲಾ ಅಥವಾ ಸಕ್ಕರೆ ನೀರು ಬೇಗ ಫಲ ಕೊಡದು. ಔಷಧದಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ಅಂಥವರು ಜೊತೆಯಲ್ಲಿಟ್ಟುಕೊಳ್ಳಬೇಕು. ರೋಗಿ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಸುರಿಯದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.